ಅಂಚೆ ಪಾಠದಿಂದ ಮುಕ್ತ ವಿಶ್ವವಿದ್ಯಾಲಯದವರೆಗೆ: ಕರ್ನಾಟಕದ ದೂರಶಿಕ್ಷಣದ ಒಂದು ಅವಲೋಕನ

ದೂರಶಿಕ್ಷಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹಿಡಿಯುವುದು ತಂತ್ರಜ್ಞಾನದ ಎಳೆಯನ್ನು: ಅಂಚೆ, ಬಾನುಲಿ, ಉಪಗ್ರಹ, ಅಂತರಜಾಲ. ಕರ್ನಾಟಕದ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೆ ವಿಶ್ವವಿದ್ಯಾಲಯ ಪರೀಕ್ಷೆಗೆ ಕೂರುವ ಅನುಮತಿಯನ್ನಷ್ಟೇ ಕೊಟ್ಟಿತೋ, ಪಾಠವನ್ನೂ ಕೊಟ್ಟಿತೋ?

ಲಂಡನ್ ವಿಶ್ವವಿದ್ಯಾಲಯ 1858ರಲ್ಲಿ ತನ್ನ ಪರೀಕ್ಷೆಗಳನ್ನು ಯಾವ ಕಾಲೇಜಿಗೂ ಸೇರದವರಿಗೆ ತೆರೆದಿಟ್ಟಾಗ, ಓದಿಕೊಳ್ಳುವುದು ಅವರವರ ಪಾಡಾಗಿತ್ತು. ನಮ್ಮಲ್ಲಿ ‘ಖಾಸಗಿಯಾಗಿ ಕಟ್ಟುವ’ ಅಭ್ಯರ್ಥಿಗಳ ಸ್ಥಿತಿಯೂ ಅದೇ. ಪಾಠವನ್ನೇ ಅಂಚೆಯಲ್ಲಿ ಕಳಿಸುವ ಕೆಲಸವನ್ನು ಭಾರತದಲ್ಲಿ ಮೊದಲು ಮಾಡಿದ್ದು ದೆಹಲಿ ವಿಶ್ವವಿದ್ಯಾಲಯ, 1962ರಲ್ಲಿ. ಅದರ ಹಿಂದೆ ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿತ್ತು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ಕೆ.ಎಲ್. ಶ್ರೀಮಾಲಿ ಕೆಲವೇ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು ಎಂಬುದು ಗಮನಿಸಬೇಕಾದ ಸಂಗತಿ. 1969ರಲ್ಲಿ ಆ ಹುದ್ದೆ ದೇ. ಜವರೇಗೌಡರಿಗೆ ಬಂತು, ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ ಹುಟ್ಟಿದ್ದೂ ಆ ವರ್ಷವೇ.

ಮೈಸೂರಿನಲ್ಲಿ ಇದಕ್ಕೆ ನೆಲ ಹದವಾಗಿತ್ತು. ವಿದ್ವಾಂಸರು ಹಳ್ಳಿಗಳಿಗೆ ಹೋಗಿ ಕೊಟ್ಟ ಪ್ರಚಾರೋಪನ್ಯಾಸಗಳು, ಅವನ್ನು ಅಗ್ಗದ ಬೆಲೆಯ ಪುಸ್ತಕಗಳಾಗಿ ಅಚ್ಚು ಹಾಕಿದ ಕೆಲಸ, ಕುವೆಂಪು ಕುಲಪತಿಗಳಾಗಿದ್ದಾಗ ಕನ್ನಡ ಮಾಧ್ಯಮಕ್ಕೆ ಸಿಕ್ಕ ಬಲ, ಇವೆಲ್ಲ ಸೇರಿ ಅರ್ಥಶಾಸ್ತ್ರವನ್ನೋ ರಾಜ್ಯಶಾಸ್ತ್ರವನ್ನೋ ಕನ್ನಡದಲ್ಲಿ ವಿವರಿಸಬಲ್ಲ ಬರಹಗಾರರನ್ನು ಸಿದ್ಧಪಡಿಸಿದ್ದವು. ಅಂಚೆ ಶಿಕ್ಷಣ ಈ ಪರಂಪರೆಯ ಮುಂದುವರಿಕೆ ಎಂಬುದು ನನ್ನ ವಾದ. ಬಡ್ತಿಗಾಗಿ ಪದವಿ ಬೇಕಿದ್ದ ಪ್ರಾಥಮಿಕ ಶಾಲೆಯ ಮೇಷ್ಟ್ರು, ಕಚೇರಿಯ ಗುಮಾಸ್ತರು, ಮದುವೆಯೊಂದಿಗೆ ಓದು ನಿಂತುಹೋದ ಹೆಣ್ಣುಮಕ್ಕಳು ಇದಕ್ಕೆ ಸೇರಿದರು. ಮನೆಗೆ ಬರುವ ಸಿದ್ಧಪಾಠ ಮತ್ತು ರಜೆಯ ದಿನಗಳ ಸಂಪರ್ಕ ತರಗತಿ, ಅವರ ಪಾಲಿಗೆ ಕಾಲೇಜು ಎಂದರೆ ಇಷ್ಟೇ. ಕೇಳಿ ತಿಳಿಯಲು ಪಕ್ಕದಲ್ಲಿ ಯಾರೂ ಇಲ್ಲದವರಿಗಾಗಿ ಬರೆಯುವ ಪಾಠ ಪಠ್ಯಪುಸ್ತಕಕ್ಕಿಂತ ಬೇರೆಯದೇ ಶಿಸ್ತನ್ನು ಬೇಡುತ್ತದೆ. ಓದುಗರಿಗೆ ಏಳಬಹುದಾದ ಸಂದೇಹವನ್ನು ಬರೆಯುವವರೇ ಊಹಿಸಿ ಉತ್ತರಿಸಬೇಕು. ಕನ್ನಡ ಶಾಸ್ತ್ರಗದ್ಯದ ಬೆಳವಣಿಗೆಯನ್ನು ಚರ್ಚಿಸುವಾಗ ಈ ಪಾಠಗಳನ್ನು ಕೈಬಿಡುವುದು ದೊಡ್ಡ ಅನ್ಯಾಯ.

ಮುಂದಿನ ಹಂತ ಹೊರಗಿನಿಂದ ಬಂತು. ಪೂರ್ವಾರ್ಹತೆ ಕೇಳದೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ಪಾಠ ಆರಂಭಿಸಿತು. 1982ರಲ್ಲಿ ಹೈದರಾಬಾದಿನಲ್ಲಿ ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ದೆಹಲಿಯಲ್ಲಿ ಇಗ್ನೊ ಸ್ಥಾಪನೆಯಾದವು. ಎರಡಕ್ಕೂ ಮೊದಲ ಕುಲಪತಿ ಜಿ. ರಾಮ್ ರೆಡ್ಡಿ. ಕರ್ನಾಟಕದಲ್ಲಿ 1992ರ ಕಾಯ್ದೆಯ ಅನ್ವಯ, ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯ ತಳಹದಿಯ ಮೇಲೆಯೇ, 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರೂಪುಗೊಂಡಿತು.

ಬೆಳವಣಿಗೆ ಪಾಠವನ್ನು ಬಿಟ್ಟು ವಿಸ್ತಾರದ ಕಡೆಗೆ ತಿರುಗಿದ್ದು ಆಮೇಲೆ. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳು ನಡೆದವು. 2012-13ರ ನಂತರ ಈ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಈ ನಡುವೆ ಕಷ್ಟಕ್ಕೆ ಸಿಕ್ಕವರು, ದುಡಿಯುತ್ತ ಓದಿ, ಕೈಯಲ್ಲಿರುವ ಪದವಿಗೆ ಬೆಲೆಯಿದೆಯೋ ಇಲ್ಲವೋ ಎಂದು ಕಚೇರಿಯಿಂದ ಕಚೇರಿಗೆ ಅಲೆದ ಸಾಮಾನ್ಯ ವಿದ್ಯಾರ್ಥಿಗಳು. ಪ್ರವೇಶ ಸಂಖ್ಯೆಯನ್ನೇ ಬೆಳವಣಿಗೆಯ ಅಳತೆಗೋಲು ಮಾಡಿಕೊಂಡರೆ ಪೆಟ್ಟು ಬೀಳುವುದು ಯಾರಿಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

2017ರ ಸ್ವಯಂ ಜಾಲತಾಣ, 2020ರ ಯುಜಿಸಿ ನಿಯಮಾವಳಿಗಳ ನಂತರ ಪಾಠ ಮೊಬೈಲಿಗೇ ಬರುತ್ತಿದೆ. ಪದವಿ ಮಟ್ಟದ ಉತ್ತಮ ಪಾಠ ಕನ್ನಡದಲ್ಲಿ ಎಷ್ಟಿದೆ ಎಂಬ ಹಳೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಅದಕ್ಕೆ ಉತ್ತರ ಹುಡುಕುವವರಿಗೆ 1969ರಿಂದ ಅಚ್ಚಾದ ಪಾಠಗಳು ಅಮೂಲ್ಯ ಆಕರ. ಮನೆಯ ಅಟ್ಟದಲ್ಲಿ ಅಂಥ ಕಟ್ಟುಗಳಿದ್ದವರು ದಯವಿಟ್ಟು ರದ್ದಿಗೆ ಹಾಕದೆ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಬೇಕು.