ಪಾಲು ಎಂಬ ಪದದ ಪಾಲಿಗೆ ಬಂದದ್ದು

ಮನೆಯ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸನ್ನೋ ಲಿನಕ್ಸನ್ನೋ ಹಾಕಲು ಕುಳಿತವರಿಗೆ ಮೊದಲು ಎದುರಾಗುವುದು ಡಿಸ್ಕನ್ನು ಹೇಗೆ ‘ಪಾರ್ಟಿಷನ್’ ಮಾಡಬೇಕು, ಯಾವುದಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಪ್ರಶ್ನೆ. ಇದನ್ನು ಕನ್ನಡದಲ್ಲಿ ಕೇಳಹೊರಟರೆ ಪದಪ್ರಿಯರಾದ ನಮ್ಮೆದುರು ಒಂದು ಸಾಲೇ ಬಂದು ನಿಲ್ಲುತ್ತದೆ: ‘ಭಜ್’ ಧಾತುವಿಗೆ ‘ವಿ’ ಉಪಸರ್ಗ ಸೇರಿ ಹುಟ್ಟಿದ ವಿಭಾಗ, ವಿಭಜನೆ, ಅರಬ್ಬಿಯಲ್ಲಿ ಹುಟ್ಟಿ ಪಹಣಿಯಲ್ಲಿ ನೆಲೆಸಿದ ಹಿಸ್ಸೆ, ಒಡೆಯುವುದೆಂಬ ಅರ್ಥದ ಮರಾಠಿ ‘ಫೋಡಣೆ’ಯಿಂದ ನಮ್ಮ ಭೂಮಾಪನದವರ ಬಾಯಿಗೆ ಬಂದ ಪೋಡಿ, ಕೊನೆಗೆ, ಯಾರಿಂದಲೂ ಕಡ ತಾರದ ನಮ್ಮ ಪಾಲು. ವಿಭಾಗವನ್ನು ವಿಶ್ವವಿದ್ಯಾಲಯಗಳೂ ಕಂದಾಯ ಕಚೇರಿಗಳೂ ಆಗಲೇ ತಮ್ಮದಾಗಿಸಿಕೊಂಡಿವೆ; ವಿಭಜನೆ ಎಂದೊಡನೆ 1947 ನೆನಪಾಗುತ್ತದೆ. ಪಾಲಿನ ಮೇಲೆ ಅಂಥ ಭಾರವಿಲ್ಲ, ಬಾಳಿದ ಆಯುಸ್ಸು ಮಾತ್ರ ಬಹಳ ದೊಡ್ಡದು.

ಹಳಗನ್ನಡದ ‘ಪಾಲ್’ ದ್ರಾವಿಡ ನುಡಿಗಳ ಹಳೆಯ ಸೊತ್ತು. ತಮಿಳಿನಲ್ಲಿ ಅದು ಬರಿಯ ಅಂಶವಾಗಿ ನಿಲ್ಲದೆ ವ್ಯಾಕರಣಕ್ಕೆ ನುಗ್ಗಿ ಲಿಂಗವಾಚಕವಾಯಿತು, ಗಂಡು ‘ಆಣ್ಬಾಲ್’, ಹೆಣ್ಣು ‘ಪೆಣ್ಬಾಲ್’ ಆದವು. ಗ್ರಂಥರಚನೆಗೂ ಇಳಿದು ತಿರುಕ್ಕುರಳಿನ 1330 ದ್ವಿಪದಿಗಳನ್ನು ಧರ್ಮ, ಅರ್ಥ, ಕಾಮಗಳ ಮೂರು ‘ಪಾಲ್’ಗಳಾಗಿ ನಿಲ್ಲಿಸಿತು. ಕನ್ನಡದಲ್ಲಿ ಇದರ ನೆರೆಗೆ ‘ಪಸು’ ಎಂಬ ಕ್ರಿಯಾಪದ, ಪಾಲು ಮಾಡುವುದೆಂಬ ಅರ್ಥದ್ದು, ಅದರಿಂದ ‘ಪಸುಗೆ’, ಇನ್ನೊಂದು ಬದಿಗೆ ‘ಪಂಚು’ ಇದ್ದವು. ಪಕಾರ ಹಕಾರಕ್ಕೆ ತಿರುಗಿದ ಕಾಲದಲ್ಲಿ ಪುಲಿ ಹುಲಿಯಾಗಿ, ಪೂ ಹೂವಾಗಿ, ಪಲ್ ಹಲ್ಲಾಗಿ, ಈ ಪಂಚು ಕೂಡ ಹಂಚು ಆಗಿ ಹೋದರೂ ಪಾಲು ಮಾತ್ರ ಪಕಾರವನ್ನು ಬಿಟ್ಟುಕೊಡಲಿಲ್ಲ. ಕಾರಣ ಅದರ ಅವಳಿಯಲ್ಲಿದೆ ಎಂದು ನನಗನ್ನಿಸುತ್ತದೆ. ಹಸುವಿನ ಹಾಲಿಗೂ ಹಳಗನ್ನಡದಲ್ಲಿ ‘ಪಾಲ್’ ಎಂದೇ ಹೆಸರು. ಅದು ಹಾಲಾಯಿತು, ಇದು ಪಾಲಾಗಿಯೇ ಉಳಿಯಿತು, ಎರಡರ ನಡುವಿನ ಗೊಂದಲ ಹರಿಯಿತು. ತೆಲುಗಿನಲ್ಲಿ ಇಂದಿಗೂ ಎರಡೂ ಪಾಲೇ, ಅಲ್ಲಿ ಸಂದರ್ಭ ನೋಡಿಯೇ ತಿಳಿಯಬೇಕು.

ಹೀಗೆ ಉಳಿದ ಪಾಲು ಕೈಚಾಚಿದಲ್ಲೆಲ್ಲ ಬೇರೆಬೇರೆ ಛಾಯೆ ಪಡೆಯಿತು. ಪಾಲುಗಾರ, ಪಾಲುದಾರ, ಸಮಪಾಲು, ಸಿಂಹಪಾಲು, ಪಾಲ್ಗೊಳ್ಳು ಎನ್ನುವಲ್ಲಿ ಹಕ್ಕಿನ ಧ್ವನಿ. ನೀರುಪಾಲು, ಮಣ್ಣುಪಾಲು, ಬೀದಿಪಾಲು ಎನ್ನುವಲ್ಲಿ ಕೈತಪ್ಪಿ ಹೋದುದರ ಸಂಕಟ. ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುವಲ್ಲಿ ದೈವಕ್ಕೆ ತಲೆಬಾಗುವ ನೆಮ್ಮದಿ. ‘ನನ್ನ ಪಾಲಿಗೆ ಅವನೇ ದೇವರು’ ಎಂದಾಗಲಂತೂ ಜಾಗ, ಅಳತೆ ಎರಡೂ ಕರಗಿ ಸಂಬಂಧವೊಂದೇ ಉಳಿಯುತ್ತದೆ. ಇವೆಲ್ಲಕ್ಕೂ ಸಮಾನವಾದ ಒಂದು ಎಳೆಯಿದೆ: ಪಾಲು ಎಂದರೆ ಅದು ಯಾರದೋ ಆಗಿರಲೇಬೇಕು. ತುಂಡಿಗೆ, ಹೋಳಿಗೆ, ಚೂರಿಗೆ ಒಡೆಯ ಬೇಕಿಲ್ಲ; ಪಾಲಿಗೆ ಬೇಕು.

ಆಸ್ತಿಯ ಕಾಗದಗಳಲ್ಲಿ ಈ ಎಳೆ ಇನ್ನೂ ಗಟ್ಟಿ. ‘ಪಾಲುಪಾರೀಕತ್ತು’ ಎಂಬ ಸೊಗಸಾದ ಜೋಡಿಪದದ ಉತ್ತರಾರ್ಧದಲ್ಲಿ ಬಿಡುಗಡೆ ಹೊಂದಿದವ ಎಂಬರ್ಥದ ಅರಬ್ಬಿ ‘ಫಾರಿಗ್’, ಬರಹವೆಂಬರ್ಥದ ‘ಖತ್’ ಎರಡೂ ಅಡಗಿವೆ. ತನ್ನ ಪಾಲು ಪಡೆದು ಋಣ ಕಳೆದುಕೊಂಡವನ ಪತ್ರ ಅದು. ಇಂಗ್ಲಿಷಿನ ಪಾರ್ಟಿಷನ್ ಕೂಡ ಇದೇ ಬಾಗಿಲಿನಿಂದ, ಪಾರ್ಟಿಷನ್ ದಾವೆ, ಪಾರ್ಟಿಷನ್ ಡೀಡುಗಳ ರೂಪದಲ್ಲಿ ಕನ್ನಡಿಗರ ಬಾಯಿಗೆ ಹತ್ತಿತು. ಆಮೇಲೆ ಕಚೇರಿಯ ಕೋಣೆಯ ನಡುವೆ ನಿಲ್ಲುವ ಮರದ ಅಡ್ಡಗೋಡೆಗೂ ಅದೇ ಹೆಸರಾಯಿತು. ಡಿಸ್ಕಿನೊಂದಿಗೆ ಬಂದದ್ದು ಅದರ ಮತ್ತೊಂದು ಆಗಮನ.

ಆ ಡಿಸ್ಕಿನ ಕತೆ 1983ಕ್ಕೆ ಹೋಗುತ್ತದೆ. ಐಬಿಎಂ ತನ್ನ ಎಕ್ಸ್‌ಟಿ ಯಂತ್ರದಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಕೊಟ್ಟಾಗ ಅದರೊಡನೆ ಬಂದ ಡಾಸ್ 2.0 ಡಿಸ್ಕಿನ ಮೊದಲ 512 ಬೈಟುಗಳೊಳಗೆ 64 ಬೈಟುಗಳ ಒಂದು ಪುಟ್ಟ ಕೋಷ್ಟಕವನ್ನಿಟ್ಟು ನಾಲ್ಕು ಪಾಲುದಾರರಿಗೆ ಅವಕಾಶ ಮಾಡಿತು. ಒಂದೇ ಡಿಸ್ಕಿನಲ್ಲಿ ಬೇರೆಬೇರೆ ಕಾರ್ಯಾಚರಣ ವ್ಯವಸ್ಥೆಗಳು ಬಾಳಬೇಕೆಂಬುದು ಉದ್ದೇಶ. ಹಾಗಾಗಿ ಅಲ್ಲಿಯೂ ಪಾಲಿಗೆ ಒಡೆಯನಿದ್ದ. ಡಿಸ್ಕುಗಳು ಬೆಳೆದಾಗ ಪಾಲು ಅನಿವಾರ್ಯವಾಯಿತು, ಏಕೆಂದರೆ ಆಗಿನ ಡಾಸ್ 32 ಮೆಗಾಬೈಟಿಗಿಂತ ದೊಡ್ಡ ಪಾಲನ್ನು ನಿಭಾಯಿಸಲಾರದಾಗಿತ್ತು. 1987ರ ಡಾಸ್ 3.3 ಒಂದು ಪಾಲಿನೊಳಗೇ ಮರಿಪಾಲುಗಳನ್ನು ಹುಟ್ಟಿಸುವ ದಾರಿ ತೋರಿಸಿತು. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯವರು ಈ ಮೊದಲ ಹಂತದ ತುಂಡುಗಳನ್ನು ‘ಸ್ಲೈಸ್’ ಎಂದು ಕರೆದು, ಒಳಗಿನವನ್ನಷ್ಟೇ ಪಾರ್ಟಿಷನ್ ಎಂದರು. ನನಗೆ ಇದು ಬಹಳ ಇಷ್ಟವಾದ ವಿವೇಕ: ಹೊರಗಿನದು ಹೋಳು, ಒಳಗಿನದು ಪಾಲು. ಇಂದಿನ ಜಿಪಿಟಿ ಕೋಷ್ಟಕದಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಸ್ಥಳವಿದೆ. ಹಳೆಯ ಕೋಷ್ಟಕದ 2 ಟೆರಾಬೈಟಿನ ಮಿತಿಯೂ ಇಲ್ಲ.

ಜಾಗದ ಕೊರತೆ ನೀಗಿದ ಮೇಲೂ ಆಯ್ಕೆಯ ಕಷ್ಟ ಉಳಿದಿದೆ, ಅದನ್ನು ತಿಳಿಯಲು ನಮ್ಮ ನೆಲದ್ದೇ ಒಂದು ಶಾಸ್ತ್ರ ನೆರವಿಗೆ ಬರುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪ್ರಕಾರ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಹಕ್ಕು, ಆದರೆ ಪಾಲಾಗುವ ತನಕ ಯಾರ ಅಂಶವೂ ನಿಶ್ಚಿತವಲ್ಲ, ಒಂದು ಜನನದಿಂದ ಕುಗ್ಗಿ ಒಂದು ಮರಣದಿಂದ ಹಿಗ್ಗುತ್ತದೆ. ಬಂಗಾಳದ ಜೀಮೂತವಾಹನನ ದಾಯಭಾಗದಲ್ಲಿ ಒಟ್ಟಿಗಿದ್ದರೂ ಅವರವರ ಅಂಶ ನಿಶ್ಚಿತ. ಹಳೆಯ ಮಾದರಿಯ ಡಿಸ್ಕಿನ ಪಾಲುಗಳು ದಾಯಭಾಗದವು: ಒಂದರಲ್ಲಿ ಜಾಗ ಕೊಳೆಯುತ್ತಿದ್ದರೂ ಪಕ್ಕದ್ದು ಉಸಿರುಗಟ್ಟಬಹುದು. ಲಿನಕ್ಸಿನ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯ ಉಪಸಂಪುಟಗಳಾಗಲಿ, 2017ರಲ್ಲಿ ಆಪಲ್ ತಂದ ಎಪಿಎಫ್‌ಎಸ್ ಆಗಲಿ ಮಿತಾಕ್ಷರದವು: ಖಾಲಿ ಜಾಗ ಎಲ್ಲರದು, ಬೇಕಾದಷ್ಟು ಯಾರಾದರೂ ತೆಗೆದುಕೊಳ್ಳಬಹುದು.

ಮನೆಯ ಯಂತ್ರಕ್ಕೆ ಯಾವುದು ಸೂಕ್ತ? ಪಾಲಿನ ಹಳೆಯ ಅರ್ಥವನ್ನೇ ಹಿಡಿದು ನಾವು ಗೆರೆಯನ್ನು ಬದಿಗಿಟ್ಟು ಒಡೆಯರನ್ನು ಎಣಿಸಬೇಕು. ಮನೆಯ ಕಂಪ್ಯೂಟರಿನಲ್ಲಿ ನಿಜವಾದ ಒಡೆಯರು ಇಬ್ಬರೇ: ಬದಲಿಸಿ ಮತ್ತೆ ಹಾಕಬಹುದಾದ ವ್ಯವಸ್ಥೆ, ಮತ್ತೆ ಹುಟ್ಟಿಸಲಾಗದ ನಮ್ಮ ಫೋಟೋ, ಪತ್ರ, ಬರಹಗಳು. ವಿಂಡೋಸಿನಲ್ಲಿ ಸಿ, ಡಿ ಡ್ರೈವುಗಳಾಗಿ, ಲಿನಕ್ಸಿನಲ್ಲಿ ರೂಟ್, ಹೋಮ್‌ಗಳಾಗಿ ಈ ಇಬ್ಬರನ್ನು ಬೇರೆಯಿಟ್ಟರೆ ಒಂದನ್ನು ಅಳಿಸಿ ಕಟ್ಟುವಾಗ ಇನ್ನೊಂದನ್ನು ಮುಟ್ಟಬೇಕಾಗಿಲ್ಲ. ಯಂತ್ರ ಏಳಲು ಬೇಕಾದ ಇಎಫ್‌ಐ ಪಾಲಿಗೆ ಕೆಲವು ನೂರು ಮೆಗಾಬೈಟು ಸಾಕು. ಮೆಮೊರಿ ಸಾಲದಾದಾಗ ಬಳಕೆಯಾಗುವ ಸ್ವಾಪ್ ಜಾಗಕ್ಕೆ ಪ್ರತ್ಯೇಕ ಪಾಲು ಬೇಡ, ಕಡತವೇ ಆದೀತು. ಲಿನಕ್ಸಿನ ವಾರ್, ಟೆಂಪ್ ಕೋಶಗಳಿಗೂ ಬೇರೆ ಪಾಲು ಎಂದು ಇನ್ನೂ ಸೀಳುವುದು ಸರ್ವರುಗಳಿಗೆ ಒಪ್ಪುವ ಕ್ರಮ, ಮನೆಗಲ್ಲ.

ಆದರೆ ಎಷ್ಟೇ ಪಾಲು ಮಾಡಿದರೂ ಡಿಸ್ಕು ಒಂದೇ. ಅದು ಕೆಟ್ಟ ದಿನ ಎಲ್ಲ ಪಾಲುಗಳೂ ಒಟ್ಟಿಗೆ ಮಣ್ಣುಪಾಲಾಗುತ್ತವೆ. ಆದ್ದರಿಂದ ನಿಮ್ಮ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಂದೇ ಇಟ್ಟುಕೊಳ್ಳಿ, ಪಾಲಿನ ಲೆಕ್ಕ ಆಮೇಲೆ ಮಾಡಿದರೂ ನಡೆಯುತ್ತದೆ.