ಕಮಲಾಪುರ ಸೀಮೆಯ ತಾಂಡಾಗಳು: ದಾಖಲೆಯಿಲ್ಲದ ಊರುಗಳ ಭೂಗೋಳ ಮತ್ತು ಇತಿಹಾಸ

ಕಲಬುರಗಿ ನಗರದಿಂದ ಹುಮನಾಬಾದ್ ಮಾರ್ಗವಾಗಿ ಸುಮಾರು 35 ಕಿ.ಮೀ. ದೂರದಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಸ್ಥಳ. ಇಲ್ಲಿಯ ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಈ ಸೀಮೆಯ ಗುಡ್ಡದ ಅಂಚುಗಳಲ್ಲಿ ಹರಡಿಕೊಂಡಿರುವ ಲಂಬಾಣಿ ತಾಂಡಾಗಳ ಪರಿಚಯ ಹೊರಗಿನವರಿಗೆ ಕಡಿಮೆ. ತಲೆಮಾರುಗಳಿಂದ ಜನ ವಾಸಿಸುತ್ತ ಬಂದಿದ್ದರೂ ಇಂತಹ ಅನೇಕ ವಸತಿಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ.

ಭೌಗೋಳಿಕ ಹಿನ್ನೆಲೆ

ಕಲಬುರಗಿ ಜಿಲ್ಲೆಯ ಬಹುಭಾಗ ಕಪ್ಪು ಎರೆಮಣ್ಣಿನ ಬಯಲು. ತೊಗರಿ ಮತ್ತು ಜೋಳ ಇಲ್ಲಿಯ ಮುಖ್ಯ ಬೆಳೆಗಳು. ಕಮಲಾಪುರದ ಸುತ್ತ ಈ ಬಯಲು ಏರುತ್ತ ಹೋಗಿ, ಬೀದರ ಪ್ರಸ್ಥಭೂಮಿಯ ಕಡೆಗೆ ಕೆಂಪು ಮಣ್ಣಿನ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಬೆಣ್ಣೆತೊರೆ ಮತ್ತು ಗಂಡೋರಿ ನಾಲಾ ಈ ಭಾಗದ ನೀರಿನ ಹರಿವುಗಳು. ಬೆಣ್ಣೆತೊರೆಯು ಕಾಗಿಣಾ ನದಿಯನ್ನೂ, ಕಾಗಿಣಾ ಭೀಮೆಯನ್ನೂ ಸೇರುತ್ತವೆ. ಗಂಡೋರಿ ನಾಲೆಗೆ ಬೆಳಕೋಟಾ ಬಳಿ ಜಲಾಶಯ ನಿರ್ಮಿಸಲಾಗಿದೆ.

ಹಳೆಯ ಗ್ರಾಮಗಳು ಸಾಮಾನ್ಯವಾಗಿ ನೀರು ಹಾಗೂ ಒಳ್ಳೆಯ ಭೂಮಿ ಇರುವಲ್ಲಿ ನೆಲೆಗೊಂಡಿವೆ. ನಂತರ ಬಂದು ನೆಲೆಸಿದ ತಾಂಡಾಗಳಿಗೆ ಹೆಚ್ಚಾಗಿ ದೊರೆತದ್ದು ಗುಡ್ಡದ ಇಳಿಜಾರು, ಮರಡಿ ಭೂಮಿ ಮತ್ತು ಗ್ರಾಮದ ಎಲ್ಲೆಯಂಚಿನ ಜಾಗ. ತಾಂಡಾಗಳ ಬಡತನಕ್ಕೆ ಈ ನೆಲವೂ ಒಂದು ಕಾರಣವಾಗಿದೆ.

ಇತಿಹಾಸ

ಬಹಮನಿ ರಾಜ್ಯವು 1347ರಲ್ಲಿ ಸ್ಥಾಪನೆಯಾದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿ ಬೀದರಿಗೆ ಸ್ಥಳಾಂತರಗೊಂಡಿತು. ಕಮಲಾಪುರ ಸೀಮೆಯು ಈ ಎರಡು ರಾಜಧಾನಿಗಳ ನಡುವೆ ಇದೆ. ಸಮೀಪದ ಹೊಳಕುಂದಾ ಗ್ರಾಮದಲ್ಲಿ ಆ ಕಾಲದ ಗೋರಿಗಳ ಸಮೂಹವನ್ನು ಇಂದಿಗೂ ಕಾಣಬಹುದು.

ಲಂಬಾಣಿಗರು, ಅಂದರೆ ಬಂಜಾರರು, ಎತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಸಾಗಣೆಗಾರರು. ಹದಿನೇಳನೆಯ ಶತಮಾನದಲ್ಲಿ ಮೊಗಲ ಸೈನ್ಯಗಳು ದಖ್ಖಣಕ್ಕೆ ಬಂದಾಗ ಅವುಗಳಿಗೆ ಧಾನ್ಯ ಒದಗಿಸಿದವರಲ್ಲಿ ಇವರೂ ಇದ್ದರು. ರೈಲು ಬಂದ ಮೇಲೆ ಈ ಕಸುಬು ಕುಸಿಯಿತು. ಮುಂಬಯಿಯಿಂದ ಕಲಬುರಗಿ ಮಾರ್ಗವಾಗಿ ಬಂದ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡದ್ದು 1871ರಲ್ಲಿ. ಎತ್ತಿನ ಹೇರಿನ ಕಾಲ ಮುಗಿಯುತ್ತಲೇ ಅಲೆಮಾರಿ ತಾಂಡಾ ನಿಂತಲ್ಲೇ ಊರಾಗತೊಡಗಿತು. ಜನ ಕೃಷಿ ಕೂಲಿಗೆ, ಕಟ್ಟಿಗೆ ಮಾರಾಟಕ್ಕೆ, ದನ ಸಾಕಣೆಗೆ ಇಳಿದರು.

ತಾಂಡಾದ ಹಿರಿಯನೇ ನಾಯಕ್. ಅವನಿಗೆ ನೆರವಾಗುವವನು ಕಾರಭಾರಿ. ಸಾಮಾನ್ಯವಾಗಿ ನಾಯಕನ ಹೆಸರೇ ತಾಂಡಾದ ಹೆಸರು. ಸೇವಾಲಾಲ್ ಮತ್ತು ಮರಿಯಮ್ಮ ಇವರ ಆರಾಧ್ಯರು. ಮನೆಯ ಮಾತು ಗೋರ್ ಬೋಲಿ. ಸಂತೆ, ಶಾಲೆ, ಕಚೇರಿಗಳಲ್ಲಿ ಕನ್ನಡ.

1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಪ್ರದೇಶ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಕಲಬುರಗಿ ತಾಲೂಕಿನ ಭಾಗವಾಗಿದ್ದ ಕಮಲಾಪುರವನ್ನು ಪ್ರತ್ಯೇಕ ತಾಲೂಕನ್ನಾಗಿ ಮಾಡುವ ಘೋಷಣೆ 2017ರ ರಾಜ್ಯ ಬಜೆಟ್‌ನಲ್ಲಿ ಹೊರಬಿತ್ತು. ಅದೇ ವರ್ಷ ಅಕ್ಟೋಬರ್ 29ರಂದು ಬೀದರ-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಇದಕ್ಕಾಗಿ ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗ ನಿರ್ಮಿಸಲಾಗಿದೆ.

ಕಂದಾಯ ಗ್ರಾಮ ಎಂದರೇನು?

ಕಂದಾಯ ಗ್ರಾಮಕ್ಕೆ ಗೊತ್ತಾದ ಎಲ್ಲೆ, ನಕ್ಷೆ, ಸರ್ವೆ ನಂಬರುಗಳು ಹಾಗೂ ಮನೆಗಳಿಗೆಂದೇ ಬಿಟ್ಟ ಗಾಂವಠಾಣ ಇರುತ್ತವೆ. ದಾಖಲೆರಹಿತ ತಾಂಡಾಕ್ಕೆ ಇವು ಯಾವುವೂ ಇಲ್ಲ. ಅದು ಪಕ್ಕದ ಗ್ರಾಮದ ಯಾವುದೋ ಸರ್ವೆ ನಂಬರಿನಲ್ಲಿ ನಿಂತಿರುತ್ತದೆ. ಮನೆ ನೂರು ವರ್ಷದ್ದಾದರೂ ಪಹಣಿಯಲ್ಲಿ ಆ ಜಾಗ ಹೊಲ ಎಂದೋ, ಸರಕಾರಿ ಭೂಮಿ ಎಂದೋ ದಾಖಲಾಗಿರುತ್ತದೆ.

ಇದರ ಪರಿಣಾಮ ನಿತ್ಯ ಜೀವನದ ಮೇಲೆ ಬೀಳುತ್ತದೆ. ಮತದಾನದ ಹಕ್ಕು, ಪಡಿತರ ಚೀಟಿ ಇದ್ದರೂ ಮನೆಯ ಹಕ್ಕು ಇಲ್ಲ. ಮನೆ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಲು, ಕ್ರಮಬದ್ಧವಾಗಿ ಮಾರಲು ಅಥವಾ ಮಕ್ಕಳ ಹೆಸರಿಗೆ ಮಾಡಲು ಆಗುವುದಿಲ್ಲ. ಖಾಸಗಿ ಹೊಲದಲ್ಲಿದ್ದರೆ ಮಾಲೀಕನ ಮರ್ಜಿಯಲ್ಲಿ ಬದುಕಬೇಕಾಗುತ್ತದೆ.

ಕಾನೂನು ಮತ್ತು ಹಕ್ಕುಪತ್ರ

ಇದಕ್ಕೆ ಪರಿಹಾರವಾಗಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿಯ ಮೂಲಕ ಕಲಂ 38ಎ ಸೇರಿಸಲಾಯಿತು. ಖಾಸಗಿ ಭೂಮಿಯಲ್ಲಿರುವ ವಸತಿಗಳಿಗೆ ಇದು ಅನ್ವಯಿಸುತ್ತದೆ. ಸರಕಾರಿ ಭೂಮಿಯಲ್ಲಿರುವವುಗಳಿಗೆ ಭೂ ಕಂದಾಯ ಕಾಯ್ದೆಯ ಕಲಂ 94ಡಿ ಇದೆ. ತಾಂಡಾಗಳಷ್ಟೇ ಅಲ್ಲದೆ ಗೊಲ್ಲರಹಟ್ಟಿ, ಕುರುಬರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್‌ಗಳೂ ಇದರ ವ್ಯಾಪ್ತಿಗೆ ಬರುತ್ತವೆ.

ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಸೇಡಂ ತಾಲೂಕಿನ ಮಳಖೇಡದಲ್ಲಿ ಇವುಗಳ ನಿವಾಸಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು; ಫಲಾನುಭವಿಗಳ ಸಂಖ್ಯೆ 50 ಸಾವಿರಕ್ಕೂ ಹೆಚ್ಚು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರಕಾರ ಒಂದು ಲಕ್ಷಕ್ಕೂ ಅಧಿಕ ಹಕ್ಕುಪತ್ರಗಳನ್ನು ವಿತರಿಸಿತು.

ಹಕ್ಕುಪತ್ರದ ಮಿತಿ

ಹಕ್ಕುಪತ್ರ ಮನೆಯ ಜಾಗಕ್ಕೆ ಮಾತ್ರ ಸಂಬಂಧಿಸಿದ್ದು; ಉಳುವ ಹೊಲದ ಪ್ರಶ್ನೆ ಬೇರೆ. ಪತ್ರದ ಜೊತೆಗೆ ನೋಂದಣಿ ಮತ್ತು ಖಾತೆಯೂ ಆಗಿರಬೇಕು. ಬೇಸಿಗೆಯಲ್ಲಿ ಕಲಬುರಗಿಯಿಂದ ರೈಲು ಹತ್ತಿ ಮುಂಬಯಿ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವುದು ತಾಂಡಾಗಳಲ್ಲಿ ಸಾಮಾನ್ಯ. ಅಳತೆಗೆ ಬಂದ ದಿನ ಬೀಗ ಹಾಕಿದ ಮನೆಯವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುವ ಅಪಾಯವಿರುತ್ತದೆ. ಆದ್ದರಿಂದ ಗುಳೆ ಹೋದವರು ಮರಳುವ ಹೋಳಿ, ದೀಪಾವಳಿಯಂತಹ ಹಬ್ಬದ ದಿನಗಳಲ್ಲಿ ಪಟ್ಟಿಯನ್ನು ತಾಂಡಾದಲ್ಲಿಯೇ ಓದಿ ಹೇಳಿಸಿ, ಬಿಟ್ಟ ಹೆಸರುಗಳನ್ನು ಸೇರಿಸಿಕೊಳ್ಳುವುದು ಅವಶ್ಯಕ. ಊರಿಗೆ ದಾಖಲೆಯಲ್ಲಿ ಹೆಸರು ಬಂದರೆ ಸಾಲದು. ಅದರೊಳಗಿನ ಪ್ರತಿ ಮನೆಯ ಹೆಸರೂ ಬರಬೇಕು.