ಹೋಗಿ ಬರುವವರು, ಬಂದು ಹೋಗುವವರು

ನಮ್ಮ ಜಿಲ್ಲೆಯಲ್ಲಿ ಶೆಟ್ಟಿಹಳ್ಳಿ ಅಂದರೆ ಯಾವ ಶೆಟ್ಟಿಹಳ್ಳಿ ಎಂದು ಮರುಪ್ರಶ್ನೆ ಬರುತ್ತದೆ. ತುಮಕೂರು ನಗರದಲ್ಲೇ ಒಂದಿದೆ, ಗುಬ್ಬಿ ಕಡೆ ಇದೆ, ಕುಣಿಗಲ್ ಕಡೆಯೂ ಇದೆ. ಯಾವ ಶೆಟ್ಟಿಹಳ್ಳಿಯಿಂದ ಬಸ್ಸಿಗೆ ಹೊರಟರೂ ಮನೆಯವರಿಗೆ ಹೇಳುವ ಮಾತು ಒಂದೇ: "ಹೋಗಿ ಬರ್ತೀನಿ." ಬರೀ "ಹೋಗ್ತೀನಿ" ಅಂದುಬಿಟ್ಟರೆ ಹಿರಿಯರು ಬಿಡುವುದಿಲ್ಲ. "ಹಂಗನ್ಬಾರ್ದು, ಹೋಗಿ ಬರ್ತೀನಿ ಅನ್ನು" ಎಂದು ತಿದ್ದುತ್ತಾರೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಎರಡು ಪದಗಳ ಇತಿಹಾಸ ನೋಡಿದರೆ ಹಿರಿಯರು ತಿದ್ದುವುದರಲ್ಲಿ ಒಂದು ಲೆಕ್ಕಾಚಾರ ಇರುವುದು ಕಾಣುತ್ತದೆ.

ಪೋಗು ಹೋಗು ಆಯಿತು, ಪಳ್ಳಿ ಹಳ್ಳಿ ಆಯಿತು

ಹಳಗನ್ನಡದಲ್ಲಿ 'ಹೋಗು' ಇರಲಿಲ್ಲ, 'ಪೋಗು' ಇತ್ತು. 10ನೇ ಶತಮಾನದಲ್ಲಿ ಪಂಪ ಬರೆದದ್ದು ಈ 'ಪ'ಕಾರದ ಕನ್ನಡದಲ್ಲಿ. ಆಮೇಲಿನ ಶತಮಾನಗಳಲ್ಲಿ ಪದದ ಮೊದಲ 'ಪ' ನಿಧಾನವಾಗಿ 'ಹ' ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಾಗೆಯೇ ಪಳ್ಳಿ ಹಳ್ಳಿಯಾಯಿತು. ಅಂದರೆ ಶೆಟ್ಟಿಹಳ್ಳಿಯ 'ಹಳ್ಳಿ'ಯೂ ಅಲ್ಲಿಂದ ಹೊರಡುವವರ 'ಹೋಗಿ'ಯೂ ಒಂದೇ ದಾರಿಯಲ್ಲಿ ಬದಲಾದ ಪದಗಳು.

ನೆರೆಯ ಭಾಷೆಗಳು ಹಳೆಯ 'ಪ'ವನ್ನು ಉಳಿಸಿಕೊಂಡಿವೆ. ಪಾವಗಡದ ಕಡೆ ತೆಲುಗು ಮನೆಮಾತಿನವರು ಹೊರಡುವಾಗ "ಪೋಯೊಸ್ತಾ" ಅನ್ನುತ್ತಾರೆ. ತಮಿಳರು "ಪೋಯಿಟ್ಟು ವರೇನ್" ಅನ್ನುತ್ತಾರೆ. ಪದ ಬೇರೆಯಾಗಿ ಕೇಳಿದರೂ ಅರ್ಥ ಅದೇ, ಹೋಗಿ ಬರ್ತೀನಿ. ಬರೀ 'ಹೋಗುತ್ತೇನೆ' ಅನ್ನಬಾರದು ಎಂಬ ಎಚ್ಚರ ನಮ್ಮೊಬ್ಬರದಲ್ಲ, ಸುತ್ತಲ ಭಾಷೆಗಳದ್ದೂ ಹೌದು.

'ಹೋಗು' ಕೊನೆಗೆ ನಿಂತರೆ

ಕಾಲಿನಿಂದ ನಡೆದು ಹೋಗುವುದು 'ಹೋಗು' ಪದದ ಮೊದಲ ಅರ್ಥ. ಆದರೆ ದಿನಕ್ಕೆ ಎಷ್ಟು ಸಲ ನಾವು ಕಾಲಿಲ್ಲದ್ದನ್ನೂ ಹೋಗಿಸುತ್ತೇವೆ, ಗಮನಿಸಿ. ಹಾಲು ಕೆಟ್ಟು ಹೋಯ್ತು. ತೆಂಗು ಒಣಗಿ ಹೋಯ್ತು. ಕೆರೆ ಬತ್ತಿ ಹೋಯ್ತು. ಹೆಸರು ಮರೆತು ಹೋಯ್ತು. ಜಮೀನು ಮಾರಿ ಹೋಯ್ತು. ಇಲ್ಲಿ ಯಾವುದೂ ಜಾಗ ಬಿಟ್ಟು ಕದಲಿಲ್ಲ. ಇನ್ನೊಂದು ಕ್ರಿಯಾಪದದ ಬಾಲಕ್ಕೆ ಸೇರಿದ 'ಹೋಗು' ಹೇಳುವುದು 'ಮುಗಿಯಿತು, ಇನ್ನು ಸರಿಪಡಿಸಲು ಬರುವುದಿಲ್ಲ' ಎಂದು. "ಬೋರ್‌ವೆಲ್ ಹೋಯ್ತು" ಎಂದು ರೈತ ಹೇಳಿದರೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

ಮನುಷ್ಯರ ವಿಷಯದಲ್ಲೂ ಹೀಗೆಯೇ. ಪತ್ರಿಕೆಗೆ ನಾವು 'ನಿಧನರಾದರು' ಎಂದು ಬರೆದು ಕಳಿಸುತ್ತೇವೆ. ಅರಳಿಕಟ್ಟೆಯಲ್ಲಿ ಅದೇ ಸುದ್ದಿ "ಹೋಗ್ಬಿಟ್ರಂತೆ" ಎಂದು ಬರುತ್ತದೆ. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಯಾರೂ "ಹೋಗಿ ಬರ್ತೀನಿ" ಅನ್ನುವುದಿಲ್ಲ, ಹೇಳದೆ ಎದ್ದು ಬರುತ್ತಾರೆ. ಅಂಥ ಸಂದರ್ಭಕ್ಕೆ ಮತ್ತೆ ಬರುವಂತಾಗಬಾರದು ಎಂದು.

ಸಾವನ್ನು ಪ್ರಯಾಣವಾಗಿ ನೋಡುವುದು ಹೊಸದಲ್ಲ. ಬಿ. ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1904ರಲ್ಲಿ ಪ್ರಕಟಿಸಿದರು. ಅಂಥ ಸಂಪುಟಗಳ ಶಾಸನಗಳಲ್ಲಿ, ಹಳ್ಳಿ ಹಳ್ಳಿಯ ವೀರಗಲ್ಲುಗಳಲ್ಲಿ, ಹೋರಾಡಿ ಸತ್ತವನನ್ನು 'ಸುರಲೋಕಪ್ರಾಪ್ತ' ಎನ್ನುವುದು ರೂಢಿ. ದೇವಲೋಕ ತಲುಪಿದ ಎಂದರ್ಥ. ವೀರಗಲ್ಲಿನ ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಲಿಂಗದ ಮುಂದೆ ಕೂತ ವೀರ. ಮಾತಿನಲ್ಲಿ 'ಹೋದ' ಅನ್ನುವುದನ್ನು ಶಿಲ್ಪಿ ನಿಜವಾಗಿಯೂ ಮೇಲಕ್ಕೆ ಹೋಗುತ್ತಿರುವಂತೆ ಕೆತ್ತಿದ್ದಾನೆ.

ಇದೇ ಎಚ್ಚರ ಮನೆಯೊಳಗೂ ಇದೆ. ಹಿರಿಯರು ದೀಪ ಆರಿಸು ಅನ್ನದೆ "ದೀಪ ದೊಡ್ಡದು ಮಾಡು" ಅನ್ನುತ್ತಾರೆ. ಬಳೆ ಒಡೆದು ಹೋಯ್ತು ಅನ್ನದೆ "ಬಳೆ ಹೆಚ್ಚಿತು" ಅನ್ನುತ್ತಾರೆ. ಕರೆಂಟು ಮಾತ್ರ ತಡವಾಗಿ ಬಂದ ನೆಂಟ, ಅದಕ್ಕೆ ಈ ಮರ್ಯಾದೆ ಸಿಗಲಿಲ್ಲ. "ಕರೆಂಟ್ ಹೋಯ್ತು" ಎಂದು ಎಲ್ಲರೂ ಕೂಗುತ್ತಾರೆ.

ಭಾರ ಬೀಳುವುದು ಕೊನೆಯ ಪದಕ್ಕೆ

ಕನ್ನಡ ವಾಕ್ಯದಲ್ಲಿ ಕೊನೆಯ ಕ್ರಿಯಾಪದವೇ ಯಜಮಾನ. "ಉಂಡು ಮಲಗಿದ" ಎಂದಾಗ ಯಾರು, ಯಾವಾಗ ಎಂಬ ಗುರುತೆಲ್ಲ 'ಮಲಗಿದ' ಎಂಬುದರ ಮೇಲಿದೆ. 'ಉಂಡು' ದಾರಿಯಲ್ಲಿ ಮುಗಿದ ಕೆಲಸ.

"ಹೋಗಿ ಬರ್ತೀನಿ" ಇದೇ ಲೆಕ್ಕದ ಮಾತು. ಹೋಗುವುದು ನಡುವಿನ ಕೆಲಸ, ಮುಖ್ಯ ಕೆಲಸ ಬರುವುದು. ಮನೆ ಬಿಡುವ ಗಳಿಗೆಯಲ್ಲೇ ವಾಪಸಾಗುವ ಮಾತು ಕೊಟ್ಟಾಗಿರುತ್ತದೆ. ಹಿರಿಯರು ತಿದ್ದುವುದು ಇದನ್ನೇ, 'ಹೋಗು' ಕೊನೆಗೆ ನಿಲ್ಲದಂತೆ ನೋಡಿಕೊಳ್ಳುತ್ತಾರೆ.

ಈ ಸೀಮೆ ಹೋಗಿ ಬರುವವರದ್ದೇ. 'ಶೆಟ್ಟಿ' ಎಂಬುದು 'ಶ್ರೇಷ್ಠಿ'ಯಿಂದ ಬಂದ ವರ್ತಕರ ಹೆಸರು. ಸರಕು ಹೇರಿಕೊಂಡು ಹೋಗಿ, ಮಾರಿ ಬರುವುದೇ ಅವರ ಬದುಕು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದೇ ವರ್ಷ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಲ್ಲೇ ಪ್ರಸಿದ್ಧವಾದ ಆ ಕಂಪನಿ ಊರೂರು ಸುತ್ತಿದರೂ 'ಗುಬ್ಬಿ ಕಂಪನಿ'ಯಾಗಿಯೇ ಉಳಿಯಿತು. ಎಲ್ಲಿಗೆ ಹೋದರೂ ಊರಿನ ಹೆಸರು ಜೊತೆಗಿತ್ತು.

ಪದಗಳು ಜಾಗ ಬದಲಿಸಿದಾಗ

ಈಗ ಅದೇ ಎರಡು ಪದಗಳನ್ನು ಹಿಂದುಮುಂದು ಮಾಡಿ. "ಬಂದು ಹೋಗು." ನೆಂಟರು ಬಂದು ಹೋಗುತ್ತಾರೆ. ಚುನಾವಣೆಗೆ ಅಭ್ಯರ್ಥಿ ಬಂದು ಹೋಗುತ್ತಾನೆ. ಈ ಮಾತಿನಲ್ಲಿ ಬರುವುದು ನಡುವಿನ ಕೆಲಸ, ಮುಖ್ಯ ಕೆಲಸ ಹೋಗುವುದು. ಹೋಗಿ ಬರುವವರು ಮನೆಯವರು, ಬಂದು ಹೋಗುವವರು ಹೊರಗಿನವರು. ಯಾರ ಮನೆ ಎಲ್ಲಿದೆ ಎಂಬುದನ್ನು ಪದಗಳ ಸರದಿಯೇ ಹೇಳಿಬಿಡುತ್ತದೆ.

ಹೆಣ್ಣುಮಕ್ಕಳಿಗೆ ಇದು ಮೊದಲಿಂದ ಗೊತ್ತು. ಮದುವೆಯಾದ ದಿನ ತಾಯಿ "ಹೋಗಿ ಬಾ" ಎಂದು ಕಳಿಸುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ಅದು "ಹಬ್ಬಕ್ಕೆ ಬಂದು ಹೋಗು" ಎಂದಾಗಿರುತ್ತದೆ. ಹುಟ್ಟಿದ ಮನೆಯಲ್ಲಿ ಅವಳು ಯಾವ ದಿನ ನೆಂಟಳಾದಳು ಎಂದು ಯಾರೂ ಬರೆದಿಡಲಿಲ್ಲ.

ಈಗ ಗಂಡುಮಕ್ಕಳ ಸರದಿ. ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲಕ್ಕೂ ಬೆಂಗಳೂರು ಕೆಲವೇ ಗಂಟೆಗಳ ದಾರಿ. ಮೊದಲು ವಾರಕ್ಕೊಮ್ಮೆ ಊರಿಗೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ಗೌರಿ ಗಣೇಶಕ್ಕೆ ಮತ್ತು ಓಟು ಹಾಕಲು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹಳ್ಳಿಗಳಿಗೆ ಜನ ತಿರುಗಿ ಬಂದರು. ಆಗ ಎಲ್ಲರೂ "ಊರಿಗೆ ಬಂದ್ವಿ" ಎಂದರು. ನಿರ್ಬಂಧ ಸಡಿಲವಾದ ಮೇಲೆ "ಬೆಂಗಳೂರಿಗೆ ವಾಪಸ್ ಹೋಗ್ತಿದೀವಿ" ಎಂದರು. 'ವಾಪಸ್' ಎಂಬ ಪದ ಹುಟ್ಟಿದೂರನ್ನು ಬಿಟ್ಟು ಬೆಂಗಳೂರಿಗೆ ಅಂಟಿಕೊಂಡಿತ್ತು.

ಹೋಗುವುದು ತಪ್ಪಲ್ಲ. ಬೋರ್‌ವೆಲ್ ಹೋದ ಮೇಲೆ ಹೊಲ ನಂಬಿ ಕೂರಿ ಎಂದು ನಾವು ಯಾರಿಗೂ ಹೇಳಲಾರೆವು. ಆದರೆ ಊರಿನ ಮಾತು ಬದಲಾಗುವುದನ್ನು ಕಿವಿಗೊಟ್ಟು ಕೇಳುವುದು ನಮ್ಮ ಕೆಲಸ. ಮುಂದಿನ ಸಲ ಊರಿನಿಂದ ಅಮ್ಮ ಫೋನ್ ಮಾಡಿದಾಗ ಅವಳು ಏನನ್ನುತ್ತಾಳೆ ಕೇಳಿ. "ಯಾವಾಗ ಬರ್ತೀಯ" ಅನ್ನುತ್ತಾಳೋ, "ಒಂದ್ಸಲ ಬಂದು ಹೋಗು" ಅನ್ನುತ್ತಾಳೋ. ಎರಡನೆಯದಾದರೆ, ನೀವು ತಿರುಗಿ ಹೋಗುವವರು ಎಂಬುದನ್ನು ನಿಮಗಿಂತ ಮೊದಲೇ ಅವಳು ಒಪ್ಪಿಕೊಂಡಿದ್ದಾಳೆ.